ಡಾಕ್ಟರೇಟಿನ ಹಿಂದಿರುವ ವರ್ಷಗಳು

ಮಾಗಡಿ ತಾಲ್ಲೂಕಿನ ನಮ್ಮ ತಿಪ್ಪಸಂದ್ರದಲ್ಲಿ ಡಾಕ್ಟರೆಂದರೆ ಸೂಜಿಮದ್ದು ಕೊಡುವವರು. ರಸಾಯನಶಾಸ್ತ್ರದಲ್ಲೋ ಜೀವಶಾಸ್ತ್ರದಲ್ಲೋ ಸಂಶೋಧನೆ ನಡೆಸಿ ಆ ಬಿರುದನ್ನು ಪಡೆದವರು ಊರಿಗೆ ಬಂದರೆ, ಜ್ವರಕ್ಕೆ ಮಾತ್ರೆ ಕೇಳುವ ಹಿರಿಯರುಂಟು. ಇದು ನಕ್ಕು ಮರೆಯುವ ಮಾತಲ್ಲ. ಬಿ.ಎಸ್‌ಸಿ. ಮುಗಿಸಿದ ಮಗಳು ಇನ್ನೂ ಓದುತ್ತೇನೆಂದಾಗ, ಅದು ಎಂತಹ ಓದು, ಎಷ್ಟು ಕಾಲದ್ದು, ಅಷ್ಟು ಕಾಲ ಜೀವನಕ್ಕೇನು ದಾರಿ ಎಂಬುದು ತಿಳಿಯದೆಯೇ ಮನೆಯವರು ಬೇಡವೆನ್ನುತ್ತಾರೆ. ರಸಾಯನಶಾಸ್ತ್ರದ ಅಧ್ಯಾಪಕನಾದ ನಾನು ಇಂದು ಆ ತಂದೆತಾಯಿಗಳನ್ನು ಉದ್ದೇಶಿಸಿಯೇ ಮಾತನಾಡುತ್ತಿದ್ದೇನೆ.

ಪದವಿಯವರೆಗಿನ ಓದಿನಲ್ಲಿ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರುತ್ತದೆ. ಪಿಎಚ್.ಡಿ.ಯಲ್ಲಿ ಕೈಗೆತ್ತಿಕೊಂಡ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಲ್ಲ, ಮಾರ್ಗದರ್ಶಕರಲ್ಲಿಯೂ ಇಲ್ಲ. ಮೊದಮೊದಲು ಪಾಠಗಳಿರುತ್ತವೆ, ಬಳಿಕ ಅರ್ಹತೆಯನ್ನು ಒರೆಗೆ ಹಚ್ಚುವ ಪರೀಕ್ಷೆ, ಅನಂತರ ಪ್ರಯೋಗಶಾಲೆ. ತಿಂಗಳುಗಟ್ಟಲೆ ದುಡಿದ ಪ್ರಯೋಗ ಒಂದು ಸಂಜೆ ಕೆಟ್ಟುಹೋಗುವುದುಂಟು. ಅದು ಏಕೆ ಕೆಟ್ಟಿತೆಂದು ತಾಳ್ಮೆಯಿಂದ ಹುಡುಕುವುದೇ ಈ ತರಬೇತಿಯ ಬಹುಭಾಗ. ಕೊನೆಗೆ ಪ್ರಬಂಧವನ್ನು ಬರೆದು, ತಜ್ಞರ ಮುಂದೆ ಸಮರ್ಥಿಸಬೇಕು.

ಇದು ಹೆಣ್ಣುಮಕ್ಕಳಿಗೆ ತಕ್ಕ ಕೆಲಸವಲ್ಲವೆಂಬ ಮಾತು ಹಳ್ಳಿಗಳಲ್ಲಿ ಮಾತ್ರ ಹುಟ್ಟಿದ್ದಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ, ಆಗ ಅದರ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು, ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಮೊದಲ ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಒಳಗೆ ಬಂದು, ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ ಹಾಗೂ ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ಅವರೆಯನ್ನು ಸೊಗಡಿನಿಂದಲೇ ಗುರುತಿಸುವ ನಮ್ಮ ಸೀಮೆಯವರಿಗೆ ಈ ವಿಷಯ ದೂರದ್ದಲ್ಲ. ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗೆಡ್ಡೆಯನ್ನು ಪರೀಕ್ಷಿಸುತ್ತಾ, ಸಸ್ಯಕೋಶಗಳ ಉಸಿರಾಟದಲ್ಲಿ ಪಾಲುಗೊಳ್ಳುವ ಸೈಟೊಕ್ರೋಮ್ ಸಿ ಎಂಬ ವಸ್ತುವನ್ನು ಕಂಡುಕೊಂಡು, 1939ರಲ್ಲಿ ಡಾಕ್ಟರೇಟ್ ಪಡೆದರು. ಕಮಲಾ ಸೋಹೊನಿ ಎಂದು ಪ್ರಸಿದ್ಧರಾದವರು ಇವರೇ.

ಇಂದು ಆ ಬಾಗಿಲು ತೆರೆದಿದೆ. ವಿಜ್ಞಾನ ಸಂಸ್ಥೆಯಲ್ಲಿಯೂ, 1989ರಲ್ಲಿ ಸ್ಥಾಪಿತವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಬಿ.ಎಸ್‌ಸಿ. ಆದವರನ್ನೇ ಪ್ರವೇಶ ಪರೀಕ್ಷೆಯ ಮೂಲಕ ಆರಿಸಿ, ಎಂ.ಎಸ್. ಹಾಗೂ ಪಿಎಚ್.ಡಿ.ಗಳನ್ನು ಒಟ್ಟಿಗೇ ನೀಡುವ ಸಂಯೋಜಿತ ವ್ಯಾಸಂಗವಿದೆ. ಆಯ್ಕೆಯಾದವರಿಗೆ ತಿಂಗಳು ತಿಂಗಳು ಶಿಷ್ಯವೇತನವೂ ದೊರೆಯುತ್ತದೆ. ತಿಪ್ಪಸಂದ್ರದಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಊರಿನಲ್ಲಿಯೇ ಇದೆಲ್ಲವೂ ಉಂಟು.

ಆದರೆ ಸಿಹಿಯನ್ನಷ್ಟೇ ಹೇಳಿದರೆ ನ್ಯಾಯವಾಗದು. ಐದಾರು ವರ್ಷಗಳು ಸಂದುಹೋಗುತ್ತವೆ. ಅಷ್ಟರಲ್ಲಿ ಓರಗೆಯವರು ಸಂಬಳ ಎಣಿಸಿ ಮನೆ ಕಟ್ಟಿರುತ್ತಾರೆ. ಪದವಿ ಬಂದೊಡನೆ ಕೆಲಸ ಕಾದಿರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಇಷ್ಟನ್ನೂ ತಿಳಿದು ಮನೆಯವರು ಒಪ್ಪಬೇಕು, ಇಲ್ಲವೇ ತಿಳಿದೇ ಬೇಡವೆನ್ನಬೇಕು.

ಒಪ್ಪಿದ ಮೇಲೆ, ಹಬ್ಬಕ್ಕೆ ಬಂದ ಮಗಳನ್ನು ಓದು ಯಾವಾಗ ಮುಗಿಯುತ್ತದೆಂದು ಕೇಳಬೇಡಿ. ಏನನ್ನು ಹುಡುಕುತ್ತಿದ್ದೀಯವ್ವ ಎಂದು ಕೇಳಿ. ನಿಮಗೆ ಅರ್ಥವಾಗುವ ಕನ್ನಡದಲ್ಲಿ ಅದನ್ನು ಹೇಳಲು ಕಲಿಯುವುದೂ ಆಕೆಯ ತರಬೇತಿಯ ಒಂದು ಅಂಗವೇ.