ನೆರೆಮನೆಗೆ ಹೋಗುವವರಿಗೆ

(ಬಾನುಲಿ ಭಾಷಣ)



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ನಮ್ಮ ಈ ನಾಲ್ಕು ಸೀಮೆಗಳಿಗೂ ಕಡಲಿನ ನಂಟಿಲ್ಲ. ಆದರೂ ಕನ್ನಡ ಕಾವ್ಯಕ್ಕೆ ಕಡಲನ್ನು ತಂದುಕೊಟ್ಟವರಲ್ಲಿ ಪ್ರಮುಖರಾದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ. 'ಸಮುದ್ರ ಗೀತೆಗಳು' ಅವರದು. 'ಸಮುದ್ರದಾಚೆಯಿಂದ' ಎಂಬ ಪ್ರವಾಸಕಥನವೂ ಅವರದೇ. ಎರೆಹೊಲದ ನಡುವೆ ಬೆಳೆದವನಿಗೆ ಕಡಲಿನ ಬೆರಗು ಒಂದು ಪಾಲು ಹೆಚ್ಚೇ ಇರುತ್ತದೆಯೆಂದು ತೋರುತ್ತದೆ. ಆ ಬೆರಗನ್ನು ಹೊತ್ತು ಈಚೆಗೆ ನಮ್ಮ ಕಡೆಯವರೂ ಮನೆಮಂದಿಯೊಡನೆ ಶ್ರೀಲಂಕೆಯನ್ನು ನೋಡಲು ಹೋಗುತ್ತಿದ್ದಾರೆ. ಅಂಥವರ ಕಿವಿಯಲ್ಲಿ ಕೆಲವು ಮಾತು ಹಾಕಬೇಕೆಂಬುದು ಇಂದಿನ ಭಾಷಣದ ಉದ್ದೇಶ.

ನಮಗೆ ಲಂಕೆಯೆಂದರೆ ರಾವಣನ ಊರು. ರಾಮಾಯಣದಲ್ಲಿ ಕಂಡ ಲಂಕೆಯನ್ನೇ ಅಲ್ಲಿ ಹುಡುಕುತ್ತ ಹೋಗುವವರು ಅಶೋಕವನವೆಂದು ತೋರಿಸಿದ ಜಾಗಕ್ಕೆ ಕೈಮುಗಿದು ಹಿಂದಿರುಗುತ್ತಾರೆ. ಕೈಮುಗಿಯುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ, ನೆರೆಮನೆಗೆ ಹೋಗಿ ಮನೆಯವರನ್ನು ಮಾತಾಡಿಸದೆ ಗೋಡೆಯ ಪಟವನ್ನಷ್ಟೇ ನೋಡಿ ಬಂದಂತಾದೀತು. ಕರ್ನಾಟಕದ ಮೂರರಲ್ಲಿ ಒಂದು ಪಾಲಿನಷ್ಟು ವಿಸ್ತಾರವಿರುವ ಆ ದ್ವೀಪದಲ್ಲಿ ಸುಮಾರು ಎರಡು ಕೋಟಿಗೂ ಮಿಕ್ಕಿ ಜನರಿದ್ದಾರೆ. ಅವರಿಗೆ ಅವರದೇ ಚರಿತ್ರೆಯಿದೆ, ಅವರದೇ ನೋವುಗಳಿವೆ.

ಆ ಚರಿತ್ರೆಯಲ್ಲಿ ನಮ್ಮ ಹೆಸರೂ ಒಂದೆಡೆ ಬರುತ್ತದೆ. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಕನ್ನಡ ನಾಡನ್ನು ಆಳುತ್ತಿದ್ದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಇಂದಿನ ಹಾನಗಲ್ಲು ಅಂದು ಪಾನುಂಗಲ್ಲೆಂಬ ಹೆಸರಿನಿಂದ ಅವನ ರಾಜ್ಯದಲ್ಲಿತ್ತು. ಅದೇ ಕಾಲದಲ್ಲಿ ಸಿಂಹಳದ ದೊರೆ ವಿಜಯಬಾಹು ಕನ್ನಡದ ಅರಸನ ಬಳಿಗೆ ಕಾಣಿಕೆಗಳೊಡನೆ ತನ್ನ ದೂತರನ್ನು ಕಳುಹಿಸಿದನೆಂದೂ, ದಾರಿಯಲ್ಲಿ ಚೋಳರು ಅವರನ್ನು ಹಿಡಿದು ಕಿವಿಮೂಗುಗಳನ್ನು ಕೊಯ್ದರೆಂದೂ 'ಚೂಳವಂಸ' ಎಂಬ ಪಾಳಿ ಗ್ರಂಥ ಹೇಳುತ್ತದೆ. ಸ್ನೇಹವನ್ನರಸಿ ನಮ್ಮ ಕಡೆಗೆ ಹೊರಟವರು ಅಂದು ಅಷ್ಟು ಬೆಲೆ ತೆತ್ತರು.

ಇಂದು ದಾರಿ ಸುಗಮವಾಗಿದೆ. ಹಿಂದೆ ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗು ಹೋಗುತ್ತಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿತು. ಆಮೇಲೆ ರಾಮೇಶ್ವರದಿಂದ ನಡೆದ ಹಡಗಿನ ಸಂಚಾರವೂ 1984ರಲ್ಲಿ ನಿಂತಿತು. 2023ರಲ್ಲಿ ನಾಗಪಟ್ಟಣದಿಂದ ಲಂಕೆಯ ಕಾಂಕೇಶನ್‌ತುರೈಗೆ ಹಡಗು ಮತ್ತೆ ಹೊರಟಿತಾದರೂ ಹವೆಯನ್ನು ನೋಡಿಕೊಂಡು ಅದು ನಡುನಡುವೆ ನಿಲ್ಲುವುದುಂಟು. ನಮ್ಮವರಿಗೆ ಸುಲಭವಾದದ್ದು ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ರೈಲು ಹಿಡಿದು ಬೆಂಗಳೂರನ್ನು ಸೇರಿ, ಅಲ್ಲಿಂದ ವಿಮಾನದಲ್ಲಿ ಕೊಲಂಬೊ ತಲುಪುವ ದಾರಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಪ್ರವೇಶದ ಅನುಮತಿ ಮತ್ತು ಅದರ ಶುಲ್ಕದ ನಿಯಮಗಳು ಈಚಿನ ವರ್ಷಗಳಲ್ಲಿ ಪದೇಪದೇ ಬದಲಾಗಿವೆ. ಕಳೆದ ವರ್ಷ ಹೋಗಿಬಂದವರ ಮಾತನ್ನು ನೆಚ್ಚದೆ ಹೊರಡುವ ಮುನ್ನ ನೀವೇ ವಿಚಾರಿಸಿಕೊಳ್ಳುವುದು ಲೇಸು. ಅಲ್ಲಿಯ ನಾಣ್ಯದ ಹೆಸರೂ ರೂಪಾಯಿಯೇ. ಆದರೆ ಬೆಲೆ ಬೇರೆ. ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಹೆಚ್ಚು ಬರುತ್ತವೆ. ಅಂಗಡಿಯಲ್ಲಿ ದರವನ್ನು ಕೇಳಿದೊಡನೆ ಬೆಚ್ಚುವ ಕಾರಣವಿಲ್ಲ.

ಯಾವಾಗ ಹೋಗಬೇಕು? ಈ ಪ್ರಶ್ನೆಗೆ ಉತ್ತರ ನಮ್ಮ ಒಕ್ಕಲಿಗರಿಗೆ ಬೇಗ ತಿಳಿಯುತ್ತದೆ. ಹಾನಗಲ್ಲಿನಲ್ಲಿ ಮಲೆನಾಡಿನ ಮಳೆ ಸುರಿಯುತ್ತಿರುವಾಗ ಸವಣೂರಿನ ರೈತ ಮುಗಿಲನ್ನು ನೋಡುತ್ತ ಕುಳಿತಿರುತ್ತಾನೆ; ನಡುವಿನ ದೂರ ಹೆಚ್ಚೇನೂ ಇಲ್ಲ. ಲಂಕೆಯಲ್ಲಿಯೂ ಹೀಗೆಯೇ. ನಡುವೆ ನಿಂತ ಬೆಟ್ಟಸಾಲು ಮಳೆಯನ್ನು ಹಂಚುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮುಂಗಾರು ನೈಋತ್ಯ ಭಾಗವನ್ನು, ಅಂದರೆ ಕೊಲಂಬೊ, ಗಾಲೆಗಳ ಕಡೆಯನ್ನು ತೋಯಿಸುತ್ತದೆ. ಆಗ ಪೂರ್ವದ ತ್ರಿಕೋಣಮಲೆ ಬಿಸಿಲಿನಲ್ಲಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಂಗಾರು ಪೂರ್ವ, ಉತ್ತರಗಳ ಪಾಲಿಗೆ. ಆದುದರಿಂದ ಮೊದಲು ಎಲ್ಲಿಗೆ ಹೋಗುವುದೆಂದು ನಿಶ್ಚಯಿಸಿ, ಆಮೇಲೆ ತಿಂಗಳನ್ನು ಆರಿಸಿಕೊಳ್ಳಬೇಕು. ಬೆಟ್ಟದ ರೈಲಿನಲ್ಲಿ ಕುಳಿತು ಚಹದ ತೋಟಗಳನ್ನು ನೋಡುವ ಆಸೆಯುಳ್ಳವರು ಆಸನವನ್ನು ಮುಂಚಿತವಾಗಿ ಕಾದಿರಿಸಬೇಕು. ಮಳೆಗೆ ಹಳಿಯ ಬದಿ ಕುಸಿಯುವುದುಂಟಾದ್ದರಿಂದ ಗಾಡಿ ಓಡುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ನೋಡುವ ಮಾತು. ಹಿರೇಕೆರೂರು ಎಂಬ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ. ಮದಗ-ಮಾಸೂರಿನ ಕೆರೆಯೂ ದೂರವಿಲ್ಲ. ಕೆರೆ, ಕೋಡಿ, ತೂಬು ಎಂಬ ಮಾತುಗಳನ್ನು ತಿಳಿದವನು ಅನುರಾಧಪುರ, ಪೊಲೊನ್ನರುವಗಳಲ್ಲಿ ಪರದೇಶಿಯಲ್ಲ. ಕೆರೆಗೆ ಅಲ್ಲಿ 'ವೆವ' ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಪರಾಕ್ರಮಬಾಹು ವಿಸ್ತರಿಸಿದ ಕೆರೆಗೆ ಸಮುದ್ರವೆಂದೇ ಹೆಸರು. ಐದನೆಯ ಶತಮಾನದಲ್ಲಿ ಧಾತುಸೇನನೆಂಬ ದೊರೆ ಕಲಾವೆವವನ್ನು ಕಟ್ಟಿಸಿದ. ಅದರಿಂದ ಹೊರಟ ಕಾಲುವೆ ಮೊದಲ 17 ಮೈಲಿಗಳಲ್ಲಿ ಮೈಲಿಗೆ 6 ಅಂಗುಲದಷ್ಟು ಮಾತ್ರ ಇಳಿಯುತ್ತದೆ. ಈ ಧಾತುಸೇನನನ್ನು ಮಗ ಕಾಶ್ಯಪ ಸೆರೆಹಿಡಿದು, ಬಚ್ಚಿಟ್ಟ ಐಶ್ವರ್ಯವೆಲ್ಲಿ ಎಂದು ಕೇಳಿದಾಗ, ಮುದುಕ ದೊರೆ ಆ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ, ತನ್ನ ಸಂಪತ್ತೆಲ್ಲ ಇಷ್ಟೇ ಎಂದನಂತೆ. ಮಗ ತಂದೆಯನ್ನು ಕೊಲ್ಲಿಸಿದ. ಆ ಬಳಿಕ ಸಿಗಿರಿಯ ಬಂಡೆಯ ಮೇಲೆ ಅರಮನೆಯನ್ನು ಕಟ್ಟಿಕೊಂಡ. ಪ್ರವಾಸಿಗರು ನೂಕುನುಗ್ಗಲಾಗಿ ಏರುವುದು ಮಗನ ಬಂಡೆಯನ್ನು. ತಂದೆಯ ಕೆರೆಯ ಏರಿಯ ಮೇಲೆ ನಿಲ್ಲುವವರು ವಿರಳ. ಕೆರೆಯ ನಾಡಿನಿಂದ ಹೋದ ನೀವಾದರೂ ನಿಲ್ಲಬೇಕು.

ಸಿಗಿರಿಯನ್ನು ನೋಡಬೇಡಿರೆಂದಲ್ಲ. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿರುವುದರಿಂದ ಬಿಸಿಲೇರುವ ಮುನ್ನ ಹತ್ತುವುದೊಳ್ಳೆಯದು. ಹೆಜ್ಜೇನಿನ ಕಾಟವುಂಟು, ಗದ್ದಲ ಮಾಡಬಾರದು. ಅಲ್ಲಿಯ ನುಣುಪಾದ ಗೋಡೆಯೊಂದರ ಮೇಲೆ ಸಾವಿರ ವರ್ಷಕ್ಕೂ ಹಿಂದಿನ ಪ್ರವಾಸಿಗರು, ಚಿತ್ರದ ಸುಂದರಿಯರನ್ನು ನೋಡಿ ತಮಗನಿಸಿದ್ದನ್ನು ಪದ್ಯಗಳಾಗಿ ಗೀಚಿದ್ದಾರೆ. ಸೇನಾರತ್ ಪರಣವಿತಾನರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಅವರು ಬರೆದರೆಂದು ನಾವೂ ಬರೆಯಲು ಹೊರಡುವುದು ಮಾತ್ರ ಸಲ್ಲದು. ಇಂದು ಅದು ಶಿಕ್ಷೆಗೆ ಗುರಿಯಾದ ಅಪರಾಧ. ಬರೆಯುವವರಿಗೆ ದಿನಚರಿಯ ಪುಸ್ತಕವಿದೆ.

ಊಟದ ವಿಷಯದಲ್ಲಿ ನಮ್ಮ ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ. ಅನ್ನ, ನಾಲ್ಕೈದು ಬಗೆಯ ಪಲ್ಯ, ತೆಂಗಿನಕಾಯಿಯ ಚಟ್ನಿ – ನೋಡಲು ನಮ್ಮದೇ ಊಟ. ಆದರೆ ಆ ಚಟ್ನಿಯಲ್ಲಿಯೂ ಪಲ್ಯದಲ್ಲಿಯೂ ಒಣಮೀನಿನ ಪುಡಿ ಬೆರೆತಿರುವುದು ವಾಡಿಕೆ; ಅದಕ್ಕೆ 'ಉಂಬಲಕಡ' ಎನ್ನುತ್ತಾರೆ. ಆ ಹೆಸರು ಹಿಡಿದೇ ಬೇಡವೆನ್ನಬೇಕು. ತಮಿಳರ 'ಸೈವ' ಊಟದ ಮನೆಗಳಲ್ಲಿ ಈ ಚಿಂತೆಯಿಲ್ಲ. ಸವಣೂರಿನವರಿಗೆ ಇನ್ನೊಂದು ಸಂತೋಷ ಕಾದಿದೆ. ತಮ್ಮೂರಿಗೆ ಹೆಸರು ತಂದ ವೀಳ್ಯದೆಲೆಗೆ ಸಿಂಹಳದಲ್ಲಿಯೂ ದೊಡ್ಡ ಮರ್ಯಾದೆ. ಅದನ್ನು 'ಬುಲತ್' ಎಂದು ಕರೆದು, ಕವಳಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ನಿಮಗೆ ಯಾರಾದರೂ ಹಾಗೆ ಕೊಟ್ಟರೆ ಎರಡೂ ಕೈಗಳಿಂದ ತೆಗೆದುಕೊಳ್ಳಿ. ಒಂದು ಕೈ ಮುಂದೆ ಚಾಚಿದರೆ ನಮ್ಮಲ್ಲಿಯೂ ಅದು ಒರಟುತನವೇ.

ವಿಹಾರಗಳಲ್ಲಿ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ಬಿಳಿಯದಾದರೆ ಇನ್ನೂ ಒಳ್ಳೆಯದು. ಚಪ್ಪಲಿಯನ್ನೂ ಟೊಪ್ಪಿಗೆಯನ್ನೂ ಹೊರಗಿಡಬೇಕು. ಮಧ್ಯಾಹ್ನದ ಕಲ್ಲು ಕೆಂಡದಂತಿರುತ್ತದೆ, ಬೆಳಗ್ಗೆ ಹೋಗಿ. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಅವರು ಅಪಚಾರವೆಂದು ಬಗೆಯುತ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಮಹಿಳೆಯೊಬ್ಬಳನ್ನು ದೇಶದಿಂದ ಹೊರಗೆ ಕಳುಹಿಸಿದ್ದರು. ಪ್ರತಿ ಹುಣ್ಣಿಮೆಯೂ 'ಪೋಯ' ಎಂಬ ಸಾರ್ವಜನಿಕ ರಜೆ. ಅಂದು ಕಚೇರಿಗಳು ಮುಚ್ಚಿರುತ್ತವೆಂಬುದನ್ನು ನೆನಪಿಡಿ. ಆ ರಾತ್ರಿ ಬಿಳಿಯುಟ್ಟ ಜನ ವಿಹಾರಗಳಿಗೆ ನಡೆಯುವುದನ್ನು ನೋಡುವುದೇ ಒಂದು ಭಾಗ್ಯ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೋಗುವವರು, ಕಾಲಿನಲ್ಲಿ ಶಕ್ತಿಯಿದ್ದರೆ, ಶ್ರೀಪಾದವನ್ನು ಏರಬೇಕು. ಶಿಖರದ ಮೇಲಿನ ಆ ಹೆಜ್ಜೆಯ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಸಂತ ತೋಮನದೆನ್ನುವ ಕ್ರೈಸ್ತರೂ ಇದ್ದಾರೆ. ಶಿಗ್ಗಾಂವಿಯ ಮಣ್ಣಿನವರಿಗೆ ಇದು ಹೊಸ ಪಾಠವೇನಲ್ಲ. ಗೋವಿಂದಭಟ್ಟರ ಶಿಷ್ಯರಾದ ಶರೀಫ ಸಾಹೇಬರ ಶಿಶುನಾಳಕ್ಕೆ ಎಲ್ಲರೂ ನಡೆದುಕೊಳ್ಳುವುದನ್ನು ಅವರು ಕಂಡವರು.

ಆದರೆ ಒಂದೇ ಹೆಜ್ಜೆಗೆ ಎಲ್ಲರೂ ಮಣಿಯುವ ಆ ನಾಡು 1983ರಿಂದ 2009ರವರೆಗೆ ಒಳಯುದ್ಧದಲ್ಲಿ ಬೆಂದಿತು. ಇದನ್ನು ಮರೆತು ಪ್ರವಾಸ ಮಾಡಲಾಗದು. ನಿಮ್ಮ ಗಾಡಿಯ ಚಾಲಕ, ಊಟ ಬಡಿಸಿದ ತಾಯಿ – ಇವರಲ್ಲಿ ಯಾರು ಯಾರನ್ನು ಕಳೆದುಕೊಂಡಿದ್ದಾರೋ ನೀವರಿಯಿರಿ. ಕುತೂಹಲಕ್ಕಾಗಿ ಕೆದಕಬೇಡಿ, ಅವರಾಗಿ ಹೇಳಿದರೆ ತೀರ್ಪು ಕೊಡದೆ ಕೇಳಿ. ಸಾಹಿತ್ಯಾಸಕ್ತರು ಮಾತ್ರ ಜಾಫ್ನಾದವರೆಗೆ ಹೋಗಿ ಅಲ್ಲಿಯ ಸಾರ್ವಜನಿಕ ಗ್ರಂಥಾಲಯವನ್ನು ನೋಡಲೇಬೇಕು. ಯುದ್ಧಕ್ಕೂ ಮುನ್ನ, 1981ರಲ್ಲಿ, ಅದಕ್ಕೆ ಬೆಂಕಿಯಿಟ್ಟಾಗ ಸುಮಾರು 97,000 ಗ್ರಂಥಗಳು ಸುಟ್ಟುಹೋದವು. ಮತ್ತೆಲ್ಲಿಯೂ ಪ್ರತಿಯಿಲ್ಲದ ತಾಳೆಗರಿಗಳೂ ಅವುಗಳಲ್ಲಿದ್ದವು. ಕಟ್ಟಡ ಮತ್ತೆ ಎದ್ದಿದೆ, ಓದುವವರು ಬರುತ್ತಿದ್ದಾರೆ. ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಬಂದರೂ ಪ್ರವಾಸಕ್ಕೆ ಅರ್ಥ ಬರುತ್ತದೆ.

ಐದನೆಯ ಶತಮಾನದ ಆದಿಯಲ್ಲಿ ಚೀನದ ಯಾತ್ರಿಕ ಫಾಹಿಯಾನ್ ಲಂಕೆಯಲ್ಲಿ ಎರಡು ವರ್ಷ ಇದ್ದ. ಅನುರಾಧಪುರದ ವಿಹಾರವೊಂದರಲ್ಲಿ ಬುದ್ಧನ ಮುಂದೆ ವರ್ತಕನೊಬ್ಬ ಕಾಣಿಕೆಯಿಟ್ಟ ತನ್ನ ದೇಶದ ಬಿಳಿಯ ರೇಷ್ಮೆಯ ಬೀಸಣಿಗೆಯನ್ನು ಕಂಡು ಅವನಿಗೆ ಕಣ್ಣೀರು ತಡೆಯಲಾಗಲಿಲ್ಲವೆಂದು ಅವನ ವೃತ್ತಾಂತ ಹೇಳುತ್ತದೆ. ಅಂಥದೊಂದು ಕಾಣಿಕೆ ನಮಗೂ ಅಲ್ಲಿ ಉಂಟು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಭಾರಿ ಮರಗಳನ್ನು ನೀವೆಲ್ಲ ಬಲ್ಲಿರಿ. ಹೆಸರು ಹುಣಸೆಯಾದರೂ ಅವು ಆಫ್ರಿಕದ ಬಾವೊಬಾಬ್ ಜಾತಿಯವು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿದಾಗ ಅದನ್ನೆತ್ತಿ ಮತ್ತೆ ನೆಟ್ಟರು. ಅದೇ ಜಾತಿಯ ಮರವೊಂದು ಲಂಕೆಯ ಮನ್ನಾರಿನಲ್ಲಿದೆ; ಅರಬ್ ವರ್ತಕರು ತಂದು ನೆಟ್ಟದ್ದೆಂದು ಅಲ್ಲಿಯ ಜನ ನಂಬುತ್ತಾರೆ. ಕಡಲಿಲ್ಲದ ಸವಣೂರಿಗೂ ಕಡಲಿನ ನಡುವಿನ ಮನ್ನಾರಿಗೂ ಒಂದೇ ಖಂಡದ ಬೀಜ ಬಂದು ಬೇರೂರಿದೆ. ತನ್ನ ಊರಿನ ಮರವನ್ನು ಕಣ್ಣಿಟ್ಟು ನೋಡಿದವನಿಗೆ ಮಾತ್ರ ಆ ಮರದ ಗುರುತು ಹತ್ತೀತು. ಅದಕ್ಕಾಗಿ, ದೂರದ ದ್ವೀಪಕ್ಕೆ ಹೊರಡುವ ಮುನ್ನ ಒಮ್ಮೆ ನಮ್ಮ ಕೆರೆಯ ಏರಿಯ ಮೇಲೆ, ನಮ್ಮ ಮರದ ಕೆಳಗೆ ನಿಂತು ಬನ್ನಿರಿ. ನೆರೆಮನೆಯವರೊಡನೆ ಆಡಲು ಮಾತು ಅಲ್ಲಿಯೇ ದೊರೆಯುತ್ತದೆ.