ಗಾಳದ ಪೆಟ್ಟಿಗೆ ಹಗುರಾದದ್ದು

ಮನೆಗೆ ಒಂದು ಕೋಣೆ ಬೇಕಾಗಿ ಬಂದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಯಜಮಾನನ ಹವ್ಯಾಸದ ಮೇಲೆ. ಒಬ್ಬರಿಗೆ ಹಳೆಯ ಪತ್ರಿಕೆಗಳ ಕಟ್ಟು, ಇನ್ನೊಬ್ಬರಿಗೆ ಕೆಟ್ಟು ನಿಂತ ಗಡಿಯಾರಗಳು. ನನಗೆ ಗಾಳದ ಸಾಮಾನು. ಮೊಮ್ಮಗಳು ಕಾಲೇಜು ಓದಲು ಮೈಸೂರಿಗೆ ಬರುವುದೆಂದು ನಿಶ್ಚಯವಾದ ದಿನವೇ ನನ್ನಾಕೆ ಹಿತ್ತಿಲ ಕಡೆಯ ಕೋಣೆಯ ಬಾಗಿಲು ತೆರೆದು, "ನೋಡಿ, ಈ ಅಂಗಡಿಯನ್ನು ಇನ್ನು ಹದಿನೈದು ದಿನದೊಳಗೆ ಎತ್ತಬೇಕು" ಎಂದಳು. ಅಂಗಡಿ ಎಂಬ ಮಾತು ಕೊಂಚ ಖಾರವಾಗಿಯೇ ತಾಗಿತು. ಆದರೆ ದೀಪ ಹಾಕಿ ನೋಡಿದರೆ, ಅಂಗಡಿಗೂ ಆ ಕೋಣೆಗೂ ಇದ್ದ ವ್ಯತ್ಯಾಸ ಒಂದೇ. ಅಂಗಡಿಯಿಂದ ಸಾಮಾನು ಆಗಾಗ ಹೊರಕ್ಕೂ ಹೋಗುತ್ತದೆ.

ನಾನು ನೀರಾವರಿ ಇಲಾಖೆಯಲ್ಲಿ ಇದ್ದವನು. ಕಾವೇರಿ, ಕಬಿನಿ, ಹೇಮಾವತಿಗಳ ದಡದಲ್ಲಿ ಊರಿಂದ ಊರಿಗೆ ವರ್ಗವಾಗುತ್ತಿದ್ದುದರಿಂದ ಸಂಜೆಯ ಹೊತ್ತು ಗಾಳ ಹಾಕುವ ಚಟ ಅಂಟಿಕೊಂಡಿತು. ಕಲಿಸಿದವರು ನನ್ನ ಭಾವನವರು, ಎಂದರೆ ನನ್ನಾಕೆಯ ಅಣ್ಣ. ಆಗ ನನ್ನ ಬಳಿ ಇದ್ದದ್ದು ಒಂದು ಕೋಲು, ಒಂದು ರೀಲು, ಬೆಂಡಿನ ಚೂರು, ಎರೆಹುಳುವಿನ ಡಬ್ಬಿ ಇಷ್ಟೇ. ನಲವತ್ತು ವರ್ಷಗಳಲ್ಲಿ ಅದು ಎಲ್ಲಿಗೆ ಬಂದಿತ್ತೆಂದು ತಿಳಿಯಲು ಜಮಖಾನ ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿದೆ. ಅದು ನಾನು ಮಾಡಿದ ಮೊದಲನೆಯ ತಪ್ಪು. ಮೂರು ಮುಳ್ಳಿನ ಗಾಳಗಳು ಜಮಖಾನವನ್ನು ಕಚ್ಚಿ ಹಿಡಿದು, ಅದರ ಒಂದು ಮೂಲೆಯನ್ನೇ ಕತ್ತರಿಸಬೇಕಾಯಿತು. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವವರಿದ್ದರೆ ಹಳೆಯ ಪತ್ರಿಕೆಗಳನ್ನು ಹಾಸಿಕೊಳ್ಳಿ. ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಣಿಕೆ ಹೀಗೆ ಬಂತು: ಕೋಲು 11, ರೀಲು 9, ಹುಸಿಮೀನು 312. ಹುಸಿಮೀನು ಎಂದರೆ ಮರ, ಲೋಹ, ರಬ್ಬರು, ಪ್ಲಾಸ್ಟಿಕ್ಕುಗಳಿಂದ ಮಾಡಿದ ಕೃತಕ ಎರೆ. ಇಂಗ್ಲಿಷಿನವರು ಲೂರ್ ಎಂದು ಕರೆಯುವ ವಸ್ತು. ಯಾವ ಮೀನು ಯಾವುದಕ್ಕೆ ಬಿತ್ತೆಂದು ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನಗಿತ್ತು. ಹಳೆಯ ದಿನಚರಿಗಳನ್ನು ತೆಗೆದು ತಾಳೆ ನೋಡಿದೆ. 312ರಲ್ಲಿ ಮೀನು ಹಿಡಿದು ಕೊಟ್ಟವು 7. ಮಿಕ್ಕ 305 ಖಾಲಿ ಮಾಡಿದ್ದು ನದಿಯನ್ನಲ್ಲ, ನನ್ನ ಜೇಬನ್ನು.

ಹುಸಿಮೀನಿನ ಚರಿತ್ರೆಯನ್ನು ನೋಡಿದರೆ ನನ್ನ ನಾಚಿಕೆ ಇನ್ನೂ ಹೆಚ್ಚುತ್ತದೆ. ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಜೂಲಿಯೊ ಬ್ಯುಯೆಲ್ ಎಂಬಾತ ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಚಮಚ ಕೈ ಜಾರಿ ನೀರಿಗೆ ಬಿತ್ತಂತೆ. ಹೊಳೆಯುತ್ತ ತೂರಾಡುತ್ತ ಇಳಿಯುತ್ತಿದ್ದ ಅದನ್ನು ದೊಡ್ಡ ಮೀನೊಂದು ಹಾಯ್ದು ಹಿಡಿಯಿತಂತೆ. ಕತೆ ಹೇಗೇ ಇರಲಿ, ಚಮಚದ ಆಕಾರದ ಎರೆಗೆ ಆತ 1852ರಲ್ಲಿ ಪೇಟೆಂಟ್ ಪಡೆದದ್ದು ನಿಜ. ಇಂದಿಗೂ ಅದಕ್ಕೆ ಸ್ಪೂನ್ ಎಂದೇ ಹೆಸರು. ಫಿನ್ಲೆಂಡಿನ ಲೌರಿ ರಾಪಲಾ ಬಡ ಬೆಸ್ತ. ಸಣ್ಣ ಮೀನುಗಳ ಹಿಂಡಿನಲ್ಲಿ ಗಾಯಗೊಂಡು ಓಲಾಡುವುದನ್ನೇ ದೊಡ್ಡ ಮೀನು ಹುಡುಕಿ ಹಿಡಿಯುವುದನ್ನು ಆತ ಕಂಡ. 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟಿನ ತಗಡುಕಾಗದ ಹೊದಿಸಿ, ಫೋಟೋ ನೆಗೆಟಿವುಗಳನ್ನು ಕರಗಿಸಿ ಮೆರುಗು ಕೊಟ್ಟು, ಹಾಗೆಯೇ ಓಲಾಡುವ ಒಂದು ಹುಸಿಮೀನನ್ನು ಮಾಡಿದ. ಇಬ್ಬರೂ ನೀರನ್ನು ನೋಡಿ, ಕೈಗೆ ಸಿಕ್ಕ ವಸ್ತುವಿನಿಂದ ಕೆಲಸ ಸಾಧಿಸಿದವರು. ನಾನು ಒಂದೇ ನಮೂನೆಯನ್ನು ಇಪ್ಪತ್ತೆರಡು ಬಣ್ಣಗಳಲ್ಲಿ ಕೊಂಡಿಟ್ಟವನು.

ಇನ್ನು ವಿಂಗಡಣೆ. ಮೊದಲು ಬಣ್ಣವನ್ನು ಮರೆತುಬಿಟ್ಟೆ. ಮಳೆಗಾಲದ ಕೆಂಪು ನೀರಿನಲ್ಲಿ ಬಣ್ಣಕ್ಕೆ ಎಷ್ಟು ಬೆಲೆ? ಮೀನಿನ ಮೈಯ ಎರಡು ಪಕ್ಕದಲ್ಲೂ ಒಂದು ಗೆರೆ ಇರುತ್ತದೆ. ನೀರಿನ ಅಲುಗಾಟವನ್ನು ಅದು ಆ ಗೆರೆಯಿಂದಲೇ ಗ್ರಹಿಸುತ್ತದೆ. ಆದುದರಿಂದ ಲೆಕ್ಕಕ್ಕೆ ಬರುವುದು ಮೂರು ಸಂಗತಿ: ಹುಸಿಮೀನು ಎಷ್ಟು ಆಳದಲ್ಲಿ ಓಡುತ್ತದೆ, ಹೇಗೆ ಓಡುತ್ತದೆ, ಎಷ್ಟು ದೊಡ್ಡದು. ನೀರಿನ ಮೇಲೆ ತೇಲುವವು, ನಡುವೆ ಓಡುವವು, ತಳಕ್ಕೆ ಇಳಿಯುವವು ಎಂದು ಮೂರು ಹಾಳೆ ಹಾಸಿ ಹಂಚಿದೆ. ಹಂಚಿದ ಮೇಲೆ ನೋಡಿದರೆ ನೂರಾರು ವಸ್ತುಗಳು ಹದಿನೈದು ಇಪ್ಪತ್ತು ವಸ್ತುಗಳ ಪಡಿಯಚ್ಚು ಎಂಬುದು ತಾನೇ ಗೊತ್ತಾಯಿತು.

ಕೆಟ್ಟದ್ದನ್ನು ಬೇರೆ ಮಾಡುವುದು ಎರಡನೆಯ ಕೆಲಸ. ಒಂದು ಗಾಳಕ್ಕೆ ತುಕ್ಕು ಹತ್ತಿದರೆ ಒದ್ದೆಯ ಡಬ್ಬಿಯಲ್ಲಿ ನೆರೆಯವಕ್ಕೂ ಹತ್ತುತ್ತದೆ. ಮೆದು ರಬ್ಬರಿನಂಥ ಹುಳುಗಳು ತಾವಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನೇ ಕರಗಿಸಿ, ಅದರೊಡನೆ ಅಂಟಿ ಮುದ್ದೆಯಾಗಿದ್ದವು. ನೈಲಾನ್ ದಾರ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. ಅದನ್ನು ಹಾಗೆಯೇ ಎಸೆದರೆ ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ ಕಸಕ್ಕೆ ಹಾಕಿದೆ. ಸೀಸದ ಗುಂಡು ನಾಲ್ಕು ಕಿಲೋ ಇತ್ತು. ಸೀಸ ವಿಷ, ಅಡಿಗೆಮನೆಯ ಒಲೆಯ ಮೇಲೆ ಅದನ್ನು ಕರಗಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ನೀರಲ್ಲಿ ಬಿದ್ದ ಸೀಸದ ಕಾಳುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ನನ್ನ ನಾಲ್ಕು ಕಿಲೋ ಹಳೆಯ ಲೋಹದ ಅಂಗಡಿಗೆ ಹೋಯಿತು.

ಇಷ್ಟರವರೆಗೆ ಕೆಲಸ ಸುಲಭ. ಕೈ ತಡೆದದ್ದು ದೊಡ್ಡ ಸಾಮಾನಿನ ಹತ್ತಿರ. ಎಂದರೆ ಬಿಳಿಮೀನಿಗಾಗಿ, ಮಹಸೀರಿಗಾಗಿ, ಕೊಂಡಿಟ್ಟ ದಪ್ಪ ಕೋಲು, ಭಾರಿ ರೀಲು, ಹೆಬ್ಬೆರಳಿನಷ್ಟು ಗಾಳಗಳು. ಮೈಸೂರಿನಲ್ಲಿ ಬೆಳೆದ ಹುಡುಗರಿಗೆ ವ್ಯಾನ್ ಇಂಗೆನ್ ಎಂಬ ಹೆಸರು ಗೊತ್ತು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವ ಕಲೆಗೆ ಹೆಸರಾದ ಮನೆತನ. ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಬಿಳಿಮೀನನ್ನು ಹಿಡಿದರು. 120 ಪೌಂಡ್ ಎಂದರೆ ಸುಮಾರು 54 ಕಿಲೋ. ಈ ಕತೆ ಕೇಳಿ ಬೆಳೆದವನ ಕನಸು ಯಾವ ಗಾತ್ರದ್ದಿರಬಹುದು, ನೀವೇ ಊಹಿಸಿ.

ಆದರೆ ನದಿ ಈಗ ಅದಲ್ಲ. ಕಾವೇರಿಯ ಗೂನು ಬೆನ್ನಿನ ದೊಡ್ಡ ಬಿಳಿಮೀನಿನ ಶಾಸ್ತ್ರೀಯ ಹೆಸರು ಯಾವುದೆಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಮರಳು ತೆಗೆಯುವವರು, ಸಿಡಿಮದ್ದು ಹಾಕುವವರು, ಬೇರೆ ನದಿಯ ಮೀನಿನ ಮರಿಗಳನ್ನು ತಂದು ಬಿಟ್ಟವರು, ಎಲ್ಲರಿಗೂ ಇದರಲ್ಲಿ ಪಾಲಿದೆ. ಅಣೆಕಟ್ಟುಗಳಿಗೂ ಇದೆ; ಆ ಪಾಲಿನಲ್ಲಿ ನನ್ನ ಸಂಬಳದ ವರ್ಷಗಳೂ ಸೇರಿವೆ ಎಂದು ಒಪ್ಪಿಕೊಳ್ಳುತ್ತೇನೆ. ಕಾವೇರಿ ವನ್ಯಜೀವಿಧಾಮದ ಒಳಗೆ ಭೀಮೇಶ್ವರಿಯಂಥ ಶಿಬಿರಗಳಲ್ಲಿ, ಮೀನನ್ನು ಹಿಡಿದು ಮರಳಿ ಬಿಡುವ ನಿಯಮದ ಮೇಲೆ ನಡೆಯುತ್ತಿದ್ದ ಗಾಳದ ಆಟವೂ 2010ರ ದಶಕದ ಆರಂಭದಲ್ಲಿ ನಿಂತಿತು.

ವಿಚಿತ್ರವೆಂದರೆ, ನದಿಯ ಬಾಗಿಲು ಮುಚ್ಚಿದ ಮೇಲೆಯೇ ನಾನು ಹೆಚ್ಚು ಕೊಂಡದ್ದು. ರಸೀದಿಗಳ ತಾರೀಖು ಅದನ್ನೇ ಹೇಳಿದವು. ಹೋಗಲಾರದವನು ಕೊಳ್ಳತೊಡಗಿದ್ದೆ. ಪಾರ್ಸಲು ಬಿಚ್ಚುವ ಗಳಿಗೆಯಲ್ಲಿ ನದಿಯ ದಡಕ್ಕೆ ಹೋಗಿಬಂದಷ್ಟು ಸಂತೋಷ. ಮರುದಿನ ಅದು ಇರುತ್ತಿರಲಿಲ್ಲ.

ಕಪಾಟಿನ ಕೆಳಗಣ ಅರೆಯಲ್ಲಿ ಭಾವನವರ ಪೆಟ್ಟಿಗೆ ಇತ್ತು. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಮನೆಯವರು ಅದನ್ನು ಹಗ್ಗ ಕಟ್ಟಿ ನನಗೆ ಕಳಿಸಿಕೊಟ್ಟಿದ್ದರು. ನಾನು ಬಿಚ್ಚಿರಲಿಲ್ಲ. ನನ್ನಾಕೆಯೂ ಬಿಚ್ಚಿ ಎಂದಿರಲಿಲ್ಲ. ಕೋಣೆ ಖಾಲಿ ಮಾಡಿಸಲು ಅಷ್ಟು ಅವಸರಪಟ್ಟವಳು ಆ ಪೆಟ್ಟಿಗೆ ಹೊರಗೆ ಬಂದಾಗ ಮಾತಾಡದೆ ಪಕ್ಕದಲ್ಲಿ ಬಂದು ಕುಳಿತಳು. ಹಗ್ಗ ಬಿಚ್ಚಿದೆವು.

ಒಳಗೆ ಒಂದು ರೀಲು. ಹಿತ್ತಾಳೆಯ ಸ್ಪೂನು ಎರಡು. ಕೊರವ ಮೀನಿಗೆಂದು ಕೆತ್ತಿದ ಮರದ ಕಪ್ಪೆ ಒಂದು. ದೊಡ್ಡ ಗಾಳ ನಾಲ್ಕು. ಸಣ್ಣವು ಒಂದು ಬೆಂಕಿಪೊಟ್ಟಣದ ತುಂಬ. ಬೆಂಡು, ಚಾಕು, ಒಂದು ಅರ. ಗಾಳದ ಮೊನೆಯ ಹಿಂದೆ ಒಂದು ಹಿಮ್ಮುಳ್ಳು ಇರುತ್ತದೆ. ಚುಚ್ಚಿದ ಗಾಳ ಕಳಚದಂತೆ ತಡೆಯುವುದು ಅದೇ. ಭಾವನವರು ಎಲ್ಲ ಗಾಳಗಳ ಹಿಮ್ಮುಳ್ಳನ್ನೂ ಅರದಿಂದ ಉಜ್ಜಿ ತೆಗೆದಿದ್ದರು, ಮೀನನ್ನು ಗಾಯವಿಲ್ಲದೆ ಬಿಡಲೆಂದು. ಪೆಟ್ಟಿಗೆಯ ಅರ್ಧ ಭಾಗ ಬರಿದಾಗಿತ್ತು.

"ಅಲ್ಲಿ ಬುತ್ತಿ ಇಡುತ್ತಿದ್ದ ಅಣ್ಣ. ಮದುವೆಗೆ ಮುಂಚೆ ನಾನೇ ಕಟ್ಟಿಕೊಡುತ್ತಿದ್ದೆ" ಎಂದಳು ನನ್ನಾಕೆ.

ನನ್ನ ಅರ್ಧದಷ್ಟು ಸಂಬಳವಿದ್ದ ಆ ಮನುಷ್ಯ ನನಗಿಂತ ಹತ್ತು ಪಾಲು ಮೀನು ಕಂಡವರು. ದೊಡ್ಡ ಮೀನು ಅವರಿಗೆ ಬಿದ್ದದ್ದೆಲ್ಲ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆಗೆ. ಶೃಂಗೇರಿಯ ಮೆಟ್ಟಿಲಿನಲ್ಲಿ ದೇವರ ಮೀನುಗಳು ಮಂಡಕ್ಕಿಗೆ ಮುತ್ತುವುದನ್ನು ತೋರಿಸಿ, "ನೋಡಿ, ಇವಕ್ಕೆ ವಿಲಾಯತಿ ಸಾಮಾನು ಬೇಡ" ಎಂದು ನನ್ನನ್ನು ನಗಿಸಿದ್ದರು. ಕೊನೆಯ ಎರಡು ವರ್ಷ, ನಡೆಯಲು ಕಷ್ಟವಾಗಿದ್ದಾಗ, "ಹತ್ತಿರದ ಕೆರೆಗಾದರೂ ಹೋಗೋಣ ಬನ್ನಿ" ಎಂದು ನನ್ನನ್ನು ಎಷ್ಟೋ ಸಲ ಕರೆದರು. "ಹೊಸ ರೀಲು ಬರಬೇಕು ಭಾವ, ಬಂದ ಕೂಡಲೇ ಹೋಗೋಣ" ಎಂದಿದ್ದೆ. ರೀಲು ಬಂತು. ನಾವು ಹೋಗಲಿಲ್ಲ. ಆ ರೀಲು ನನ್ನ ಒಂಬತ್ತರಲ್ಲಿ ಒಂದಾಗಿ, ಕಾಗದ ಸಹ ಬಿಚ್ಚದೆ ಎದುರಿಗೇ ಇತ್ತು.

ಅಂದು ನನಗೆ ಅಳತೆ ಸಿಕ್ಕಿತು. ಯಾವುದನ್ನು ಎತ್ತಿಕೊಂಡರೂ ಒಂದೇ ಪ್ರಶ್ನೆ: ಇದನ್ನು ಹಿಡಿದು ನಾನು ಯಾವ ನೀರಿಗೆ, ಯಾರ ಜೊತೆ ಹೋಗುತ್ತೇನೆ? ಉತ್ತರ ಹೊಳೆಯದಿದ್ದರೆ ಅದು ಹೊರಕ್ಕೆ. ಉಳಿದದ್ದು ಭಾವನವರ ಪೆಟ್ಟಿಗೆಯ ಅರ್ಧದಲ್ಲಿ ಹಿಡಿಯಬೇಕು. ಬುತ್ತಿಯ ಜಾಗ ಬುತ್ತಿಗೇ.

ಕಡಲಿಗೆ ಒಗ್ಗುವ ಭಾರಿ ಕೋಲು, ರೀಲುಗಳೆಲ್ಲ ಮಂಗಳೂರಿನ ಕಡೆ ಬಂಡೆಯ ಮೇಲೆ ನಿಂತು ಗಾಳ ಹಾಕುವ ಹಳೆಯ ಸಹೋದ್ಯೋಗಿಯ ಮಗನಿಗೆ ಹೋದವು. ಸಣ್ಣ ಕೋಲುಗಳು, ಒಳ್ಳೆಯ ಹುಸಿಮೀನುಗಳು ನಮ್ಮೂರ ಕೆರೆಯ ಹುಡುಗರಿಗೆ. ಕೊಡುವ ಮೊದಲು ತುಕ್ಕಿನ ಗಾಳ ಬದಲಿಸಿ, ಹೊಸ ದಾರ ಸುತ್ತಿ, ಎಣ್ಣೆ ಬಿಟ್ಟು ಕೊಟ್ಟೆ. ಕಸವನ್ನು ದಾನವೆಂದು ಕೊಡಬಾರದಷ್ಟೆ. ಕಾಗದ ಬಿಚ್ಚದ ಆ ರೀಲನ್ನು ಕಾಗದದೊಡನೆಯೇ ಒಬ್ಬ ಹುಡುಗನ ಕೈಗಿತ್ತೆ. ಆತ ನನ್ನೆದುರಿಗೇ ಅದನ್ನು ಹರಿದು ಬಿಸುಟು, ರೀಲನ್ನು ಗಿರ್ರೆಂದು ತಿರುಗಿಸಿ ನೋಡಿದ. ಆ ಸದ್ದು ಕೇಳಲು ಬಹಳ ಹಿತವಾಗಿತ್ತು. ಸ್ವಲ್ಪ ನೋವೂ ಆಯಿತು.

ಈಗ ಕೋಣೆಯಲ್ಲಿ ಮೊಮ್ಮಗಳ ಮಂಚ, ಮೇಜು ಇವೆ. ಮಂಚದ ಕೆಳಗೆ ಆ ಒಂದು ಪೆಟ್ಟಿಗೆ. ಬಂದ ವಾರದಲ್ಲೇ ಅದನ್ನು ಎಳೆದು ತೆಗೆದು, "ತಾತ, ಇದೆಲ್ಲ ಏನು? ನನಗೂ ಕಲಿಸು" ಎಂದಳು. ಮರುಭಾನುವಾರ, ಕೆರೆಯ ಮೀನನ್ನು ಗುತ್ತಿಗೆ ಹಿಡಿದವರ ಅಪ್ಪಣೆ ಕೇಳಿ, ಬೆಳಗಿನ ಜಾವದಲ್ಲಿ ಹೋದೆವು. ಹೊತ್ತೇರುವವರೆಗೆ ಕುಳಿತು ಅಂಗೈಯಗಲದ ಒಂದು ಗೆಂಡೆ ಹಿಡಿದು, ಒದ್ದೆ ಕೈಯಿಂದ ಬಿಡಿಸಿ ನೀರಿಗೆ ಬಿಟ್ಟೆವು. ಬುತ್ತಿಯಲ್ಲಿ ಚಿತ್ರಾನ್ನವಿತ್ತು, ಕಟ್ಟಿಕೊಟ್ಟವಳು ನನ್ನಾಕೆ. ಪೆಟ್ಟಿಗೆಯ ಆ ಅರ್ಧದಲ್ಲಿ ಡಬ್ಬಿ ಸರಿಯಾಗಿ ಕುಳಿತುಕೊಂಡಿತ್ತು.