ಬೊಕ್ಕಸದ ಬೀಗದಕೈ

ಸರ್ಕಾರವು ಎಷ್ಟು ತೆರಿಗೆಯನ್ನು ಎತ್ತಬಹುದು, ಎಷ್ಟು ವೆಚ್ಚಮಾಡಬಹುದು ಎಂಬುದನ್ನು ನಿರ್ಣಯಿಸತಕ್ಕವರು ಯಾರು? ರಾಜ್ಯಶಾಸ್ತ್ರವನ್ನೋದಿದ ನಾವು ಶಾಸನಸಭೆಯೆಂದು ಥಟ್ಟನೆ ಹೇಳಿಬಿಡುತ್ತೇವೆ. ಆ ಸಭೆಯೂ ಕಿವಿಗೊಡದೆಹೋದರೆ ಪ್ರಜೆಯು ಮಾಡಬಹುದಾದುದೇನು? ಈ ಪ್ರಶ್ನೆಗೆ 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಗೃಹಸ್ಥರು ಕೊಟ್ಟ ಉತ್ತರವನ್ನು ಈ ಹೊತ್ತು ವಿಚಾರಮಾಡೋಣ.

ಅಲ್ಲಿ ಮನೆ ಮತ್ತು ನೆಲದ ಮೇಲಣ ತೆರಿಗೆಯೇ ಶಾಲೆ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳಿಗೆ ಜೀವಾಳವಾಗಿದ್ದಿತು. ಸ್ವತ್ತಿಗೆ ಬೆಲೆಕಟ್ಟುವ ಅಧಿಕಾರಿಗಳಲ್ಲಿ ಕೆಲವರು ಪಕ್ಷಪಾತ ಮಾಡುತ್ತಿದ್ದುದರಿಂದ, ಎಲ್ಲರಿಗೂ ಪೇಟೆಯ ಧಾರಣೆಯನ್ನನುಸರಿಸಿ ಒಂದೇ ಅಳತೆಯಿರತಕ್ಕದ್ದೆಂದು 1966ರಲ್ಲಿ ಕಾಯಿದೆಯಾಯಿತು. ನ್ಯಾಯವೇನೋ ದೊರೆಯಿತು, ಆದರೆ 1970ರ ದಶಕದಲ್ಲಿ ಮನೆಗಳ ಬೆಲೆ ಏರಿದಂತೆಲ್ಲ ತೆರಿಗೆಯೂ ಏರಿತು. ವಿಶ್ರಾಂತಿವೇತನದಿಂದ ಜೀವಿಸುವ ವೃದ್ಧರ ಪಾಡನ್ನು ಊಹಿಸಿರಿ. ಮನೆಯ ಬೆಲೆ ಹೆಚ್ಚಿತೆಂದು ಕೈಗೆ ಕಾಸು ಬರುವುದಿಲ್ಲ. ಗೋಡೆಯನ್ನು ಕಿತ್ತು ತೆರಿಗೆ ಕಟ್ಟುವಂತಿಲ್ಲ. ಇತ್ತ ಸಂಸ್ಥಾನದ ಬೊಕ್ಕಸದಲ್ಲಿ ಸುಮಾರು 500 ಕೋಟಿ ಡಾಲರು ಉಳಿತಾಯವಾಗಿದ್ದಿತು. ಶಾಸನಸಭೆಯು ಪರಿಹಾರವನ್ನು ಚರ್ಚಿಸಿತು; ಒಮ್ಮತಕ್ಕೆ ಬರಲಿಲ್ಲ.

ಸಾಕಷ್ಟು ಮಂದಿ ರುಜುಮಾಡಿದರೆ ಒಂದು ತಿದ್ದುಪಡಿಯನ್ನು ನೇರವಾಗಿ ಜನಮತಕ್ಕೆ ಒಡ್ಡುವ ಹಕ್ಕು ಆ ಪ್ರಜೆಗಳಿಗೆ 1911ರಿಂದಲೂ ಉಂಟು. ಹೋವರ್ಡ್ ಜಾರ್ವಿಸ್ ಎಂಬ ಎಪ್ಪತ್ತು ದಾಟಿದ ನಿವೃತ್ತ ಉದ್ಯಮಿಯೂ ಪಾಲ್ ಗ್ಯಾನ್ ಎಂಬವರೂ ಈ ದಾರಿಯನ್ನು ಹಿಡಿದರು. ಹಿಂದೆ ಜಾರ್ವಿಸರು ಯತ್ನಿಸಿ ಸೋತಿದ್ದರು. ಈ ಬಾರಿ 12 ಲಕ್ಷಕ್ಕೂ ಮೀರಿ ರುಜುಗಳು ಕೂಡಿದುವು. ಇದೇ 13ನೆಯ ಸೂಚನೆಯೆಂದು ಹೆಸರಾದುದು. ತೆರಿಗೆಯು ಬೆಲೆಯ ನೂರಕ್ಕೆ ಒಂದನ್ನು ಮೀರಕೂಡದು. ಬೆಲೆಯನ್ನು 1975ರ ಮಟ್ಟಕ್ಕೆ ಇಳಿಸಬೇಕು. ಸ್ವತ್ತು ಕೈಬದಲಾಗುವವರೆಗೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಸಕೂಡದು. ಸಂಸ್ಥಾನದ ತೆರಿಗೆಗಳನ್ನೇರಿಸಲು ಶಾಸನಸಭೆಯ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಗವರ್ನರರೂ ಉಪಾಧ್ಯಾಯರ ಸಂಘಗಳೂ ದೊಡ್ಡ ಉದ್ಯಮಿಗಳಲ್ಲಿ ಹಲವರೂ ವಿರೋಧಿಸಿದರು. ಆದರೂ 1978ರ ಜೂನ್ 6ರಂದು ಸುಮಾರು ನೂರಕ್ಕೆ 65 ಮತಗಳಿಂದ ಅದು ಗೆದ್ದಿತು.

ಫಲವೇನಾಯಿತು? ವೃದ್ಧರ ಮನೆಗಳು ಉಳಿದುವು. ತೆರಿಗೆಯ ಉತ್ಪತ್ತಿ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಬೊಕ್ಕಸದ ಉಳಿತಾಯವನ್ನು ಹಂಚಿದುದರಿಂದ ಸ್ಥಳೀಯ ಸಂಸ್ಥೆಗಳು ಬೀಳಲಿಲ್ಲ. ಆದರೂ ಬೇಸಗೆಯ ಪಾಠಶಾಲೆಗಳು ಅನೇಕ ಕಡೆ ನಿಂತುಹೋದುವು. ಗ್ರಂಥಾಲಯಗಳು ಬಾಗಿಲು ತೆರೆದಿರುವ ಹೊತ್ತು ಕಡಮೆಯಾಯಿತು. ಇದಕ್ಕಿಂತಲೂ ವಿಚಾರಾರ್ಹವಾದುದು ಇನ್ನೊಂದುಂಟು. ಉಳಿದ ತೆರಿಗೆಯನ್ನು ಹಂಚುವ ಅಧಿಕಾರವು ರಾಜಧಾನಿಯಾದ ಸ್ಯಾಕ್ರಮೆಂಟೊ ನಗರಕ್ಕೆ ಸೇರಿತು. ಸರ್ಕಾರವನ್ನು ಕಿರಿದುಮಾಡಹೊರಟವರು ಬೀಗದಕೈಯನ್ನು ಪಕ್ಕದ ಬೀದಿಯ ಪುರಸಭೆಯಿಂದ ಕಸಿದು ದೂರದ ರಾಜಧಾನಿಗೆ ಒಪ್ಪಿಸಿದಂತಾಯಿತು! ಒಂದೇ ಬೀದಿಯಲ್ಲಿ ಹೊಸದಾಗಿ ಮನೆಕೊಂಡವನು ಹಳೆಯ ನೆರೆಯವನ ಹಲವು ಪಟ್ಟು ತೆರುವಂತೆಯೂ ಆಯಿತು. ಈ ತಾರತಮ್ಯವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು 1992ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಹಾಗಾದರೆ ಜನರು ವಿವೇಕವಿಲ್ಲದೆ ಮತವಿತ್ತರೆ? ಹಾಗೆನ್ನುವುದು ಯುಕ್ತವಲ್ಲ. 1979ರಲ್ಲಿ ವೆಚ್ಚಕ್ಕೂ ಮಿತಿಯಿರಬೇಕೆಂದು ಗ್ಯಾನರು ತಂದ ಸೂಚನೆಯನ್ನು ಅವರು ಒಪ್ಪಿದರು. 1980ರಲ್ಲಿ ವರಮಾನ ತೆರಿಗೆಯನ್ನು ಅರ್ಧಕ್ಕಿಳಿಸಬೇಕೆಂಬ ಜಾರ್ವಿಸರ ಸೂಚನೆಯನ್ನು ತಿರಸ್ಕರಿಸಿದರು. ಹೊರೆ ಯಾವುದು, ಆಧಾರ ಯಾವುದು ಎಂಬ ತಾರತಮ್ಯಜ್ಞಾನ ಅವರಿಗಿದ್ದಿತು.

ಮಿತವ್ಯಯವನ್ನು ಬೇಡುವುದು ಪ್ರಜೆಯ ಹಕ್ಕು. ಅದನ್ನು ಅಲ್ಲಗಳೆಯುವ ಸರ್ಕಾರವು ತನ್ನ ಯಜಮಾನನನ್ನೇ ಮರೆತಂತೆ. ಆದರೆ ಎಷ್ಟು ಕೊಡಬೇಕೆಂದು ಹೇಳುವವರು ಯಾವುದು ಬೇಡವೆಂಬುದನ್ನೂ ಹೇಳಬೇಕು. ಹೇಳದಿದ್ದರೆ ಕತ್ತರಿಯು ಅಧಿಕಾರಿಗಳ ಕೈಯಲ್ಲೇ ಉಳಿಯುತ್ತದೆ. ಮೊದಲು ಕತ್ತರಿಸಿಹೋಗುವುದು ದನಿಯಿಲ್ಲದವರ ಪಾಲು. ಬೀಗದಕೈಯನ್ನು ಕೇಳಿ ಪಡೆದವರು ಪೆಟ್ಟಿಗೆಯೊಳಗೆ ಏನಿದೆಯೆಂದು ನೋಡುವ ಶ್ರಮವನ್ನೂ ವಹಿಸಬೇಕಲ್ಲವೆ?